ಸೋತ ಯಂತ್ರದ ಗೌರವ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಕೆಲವರು ರೈಲ್ವೆ ಅಭಿಮಾನಿಗಳು ೨೦೧೩ರಲ್ಲಿ ಒಂದು ಧರ್ಮಸಂಸ್ಥೆಯನ್ನು ಕಟ್ಟಿಕೊಂಡರು. ಎಂದೋ ಗುಜರಿಗೆ ಹೋಗಿ ಕರಗಿಹೋದ ಟಿ-೧ ಎಂಬ ಜಾತಿಯ ಉಗಿಯಂತ್ರವನ್ನು ಸಾರ್ವಜನಿಕರ ದೇಣಿಗೆಯಿಂದ ಮತ್ತೆ ಹೊಸದಾಗಿ ನಿರ್ಮಿಸುವುದೇ ಅವರ ಉದ್ದೇಶ. ಬಾಯ್ಲರು, ಚಕ್ರಗಳು ಮೊದಲಾದ ಭಾಗಗಳು ಒಂದೊಂದಾಗಿ ರೂಪುಗೊಳ್ಳುತ್ತ ಬಂದಿವೆ. ಈ ಯಂತ್ರವು ತನ್ನ ಕಾಲದಲ್ಲಿ ಗೆದ್ದ ಯಂತ್ರವಲ್ಲ, ಸೋತ ಯಂತ್ರ. ಸೋತುದರ ಮೇಲೆ ಇಷ್ಟು ಪ್ರೀತಿ ಏಕೆ? ಈ ಪ್ರಶ್ನೆಯು ವಿಚಾರಕ್ಕೆ ಯೋಗ್ಯವಾದುದೆಂದು ನಾವು ಭಾವಿಸುತ್ತೇವೆ.

ಸಾಮಾನ್ಯ ಉಗಿಯಂತ್ರದಲ್ಲಿ ಎರಡು ಸಿಲಿಂಡರುಗಳಿದ್ದು, ಅವು ಉಕ್ಕಿನ ದಂಡಗಳ ಮೂಲಕ ಎಲ್ಲ ಚಾಲಕ ಚಕ್ರಗಳನ್ನೂ ಒಟ್ಟಿಗೆ ತಿರುಗಿಸುತ್ತವೆ. ಯಂತ್ರವು ದೊಡ್ಡದಾದಂತೆಲ್ಲ ಪಿಸ್ಟನ್ನುಗಳೂ ದಂಡಗಳೂ ಭಾರವಾಗುವುವು. ಆ ಭಾರವನ್ನು ಸರಿತೂಗಿಸಲು ಚಕ್ರಗಳಿಗೆ ಎದುರುತೂಕವನ್ನು ಕಟ್ಟಬೇಕು. ವೇಗವು ಹೆಚ್ಚಿದಾಗ ಈ ಎದುರುತೂಕವು ಸುತ್ತುಸುತ್ತಿಗೂ ಹಳಿಯನ್ನು ಸುತ್ತಿಗೆಯಂತೆ ಬಡಿಯುತ್ತದೆ. ಇದಕ್ಕೆ ಯಂತ್ರಜ್ಞರು ಕಂಡುಕೊಂಡ ಉಪಾಯವೇ 'ಡ್ಯೂಪ್ಲೆಕ್ಸ್', ಎಂದರೆ ಜೋಡುಯಂತ್ರ. ಬಾಯ್ಲರು ಒಂದೇ, ಚೌಕಟ್ಟೂ ಒಂದೇ. ಆದರೆ ಸಿಲಿಂಡರುಗಳು ನಾಲ್ಕು, ಚಾಲಕ ಚಕ್ರಗಳ ತಂಡಗಳು ಎರಡು. ಕೆಲಸವನ್ನು ಹಂಚಿದ್ದರಿಂದ ಒಂದೊಂದು ದಂಡವೂ ಹಗುರಾಗುವುದು, ಹಳಿಯ ಮೇಲಿನ ಪೆಟ್ಟು ತಗ್ಗುವುದು.

ಈ ಕಲ್ಪನೆಯು ಫ್ರಾನ್ಸಿನಲ್ಲಿ ೧೮೬೦ರ ದಶಕದಲ್ಲಿಯೇ ತಲೆದೋರಿತ್ತು. ಅಮೆರಿಕದಲ್ಲಿ ೧೯೩೭ರಲ್ಲಿ ಬಾಲ್ಟಿಮೋರ್ ಮತ್ತು ಓಹಿಯೊ ರೈಲ್ವೆಯು ಇಂತಹ ಒಂದು ಯಂತ್ರವನ್ನು ನಿರ್ಮಿಸಿತು. ಆದರೆ ಇದನ್ನು ಹಟ ಹಿಡಿದು ಸಾಧಿಸಹೊರಟುದು ಪೆನ್ಸಿಲ್ವೇನಿಯಾ ರೈಲ್ವೆ. ಅದರ ಎಸ್-೧ ಎಂಬ ಏಕೈಕ ಯಂತ್ರವು ೧೯೩೯ರ ನ್ಯೂಯಾರ್ಕ್ ವಿಶ್ವಪ್ರದರ್ಶನದಲ್ಲಿ ಉರುಳೆಗಳ ಮೇಲೆ ನಿಂತು, ನಿಂತಲ್ಲಿಯೇ ಚಕ್ರಗಳನ್ನು ತಿರುಗಿಸುತ್ತ ಜನರನ್ನು ಬೆರಗುಗೊಳಿಸಿತು. ಅದರ ಹೊರಮೈಯನ್ನು ರೂಪಿಸಿದವನು ರೇಮಂಡ್ ಲೋವಿ. ಕಲ್ಲಿದ್ದಲ ಬಂಡಿಯೂ ಸೇರಿ ಅದರ ಉದ್ದ ೧೪೦ ಅಡಿ! ಅಷ್ಟು ಉದ್ದದ ಯಂತ್ರವು ಅನೇಕ ತಿರುವುಗಳಲ್ಲಿ ಹೋಗಲಾರದೆ, ಶಿಕಾಗೊ ಮತ್ತು ಓಹಿಯೊದ ಕ್ರೆಸ್ಟ್‌ಲೈನ್ ನಡುವೆ ಮಾತ್ರ ಓಡಿ, ೧೯೪೯ರಲ್ಲಿ ಗುಜರಿಯ ಪಾಲಾಯಿತು.

ಅದರ ತಮ್ಮನೇ ಟಿ-೧. ೧೯೪೨ರಲ್ಲಿ ಎರಡು, ೧೯೪೫-೪೬ರಲ್ಲಿ ಐವತ್ತು, ಒಟ್ಟು ಐವತ್ತೆರಡು ಯಂತ್ರಗಳು ನಿರ್ಮಾಣವಾದವು. ಚಾಲಕ ಚಕ್ರಗಳ ವ್ಯಾಸ ೮೦ ಅಂಗುಲ. ಉಗಿಯ ಒತ್ತಡ ಚದರ ಅಂಗುಲಕ್ಕೆ ೩೦೦ ಪೌಂಡು. ಹಡಗಿನ ಮೂತಿಯಂತೆ ಚೂಪಾದ ಮುಖದ ಈ ಯಂತ್ರಗಳು ಹ್ಯಾರಿಸ್‌ಬರ್ಗಿನಿಂದ ಶಿಕಾಗೊವರೆಗೆ ೭೧೩ ಮೈಲುಗಳನ್ನು ನಡುವೆ ಯಂತ್ರ ಬದಲಿಸದೆ ಕ್ರಮಿಸಬಲ್ಲವಾಗಿದ್ದವು. ಗಂಟೆಗೆ ನೂರು ಮೈಲಿನ ವೇಗವು ಅವುಗಳಿಗೆ ಅಸಾಧ್ಯವಾಗಿರಲಿಲ್ಲ.

ದೋಷಗಳೂ ಇದ್ದವು. ಎರಡು ತಂಡಗಳಿಗೂ ಪರಸ್ಪರ ಜೋಡಣೆಯಿಲ್ಲದ್ದರಿಂದ ಒಂದು ತಂಡವು ಹಿಡಿತ ತಪ್ಪಿ ಹಳಿಯ ಮೇಲೆ ಗಿರ್ರನೆ ತಿರುಗಿಬಿಡುತ್ತಿತ್ತು. ಹೊಸ ಬಗೆಯ ಕವಾಟಗಳು ಕೈಗೆಟುಕದ ಇಕ್ಕಟ್ಟಿನಲ್ಲಿದ್ದು ದುರಸ್ತಿಯು ಕಷ್ಟವಾಗಿತ್ತು. ೧೯೧೪ರ ಕೆ-೪ ಯಂತ್ರಗಳಲ್ಲಿ ಪಳಗಿದ ಚಾಲಕರಿಗೆ ಈ ಸೂಕ್ಷ್ಮ ಯಂತ್ರವನ್ನು ನಯವಾಗಿ ನಡೆಸುವುದನ್ನು ಕಲಿಯಬೇಕಾಯಿತು. ಆದರೆ ಕಲಿಯಲು ಕಾಲವೇ ಒದಗಲಿಲ್ಲ. ಯುದ್ಧವು ಮುಗಿದಿತ್ತು, ಡೀಸೆಲ್ ಯಂತ್ರಗಳು ಬಂದು ಬಾಗಿಲಲ್ಲಿ ನಿಂತಿದ್ದವು, ೧೯೪೬ರಲ್ಲಿ ಆ ರೈಲ್ವೆಯು ತನ್ನ ಇತಿಹಾಸದಲ್ಲೇ ಮೊದಲ ಬಾರಿಗೆ ನಷ್ಟವನ್ನು ಕಂಡಿತು. ಹತ್ತು ವರ್ಷಗಳೊಳಗಾಗಿ ಐವತ್ತೆರಡೂ ಯಂತ್ರಗಳು ಮುರಿಯಲ್ಪಟ್ಟವು. ನೆನಪಿಗೆಂದು ಒಂದನ್ನೂ ಉಳಿಸಲಿಲ್ಲ.

ಅಭಿಮಾನಿಗಳ ಮೋಹದ ಗುಟ್ಟು ಇಲ್ಲಿಯೇ ಇದೆ. ರೂಪದ ಸೊಬಗು ಕಾರಣವಲ್ಲವೆಂದಲ್ಲ. ಅದಕ್ಕಿಂತ ಮಿಗಿಲಾದುದು ಮುಗಿಯದ ವ್ಯಾಜ್ಯ. ವಿಚಾರಣೆಯು ಪೂರ್ಣವಾಗುವ ಮೊದಲೇ ತೀರ್ಪಾಯಿತೆಂಬುದು ಅವರ ಕೊರಗು. ಅದೇ ರೈಲ್ವೆಯು ಸರಕು ಬಂಡಿಗಳಿಗಾಗಿ ೧೯೪೪-೪೫ರಲ್ಲಿ ನಿರ್ಮಿಸಿದ ಕ್ಯೂ-೨ ಎಂಬ ಜೋಡುಯಂತ್ರಕ್ಕೆ ಚಕ್ರ ಜಾರುವುದನ್ನು ತಾನಾಗಿಯೇ ತಡೆಯುವ ಉಪಕರಣವಿತ್ತು. ಪರೀಕ್ಷಾಶಾಲೆಯಲ್ಲಿ ಅದು ಸುಮಾರು ಎಂಟು ಸಾವಿರ ಅಶ್ವಶಕ್ತಿಯನ್ನು ತೋರಿಸಿತ್ತು. ಟಿ-೧ಕ್ಕೂ ಅಂತಹ ಉಪಕರಣವಿದ್ದಿದ್ದರೆ? ಇನ್ನು ವೇಗದ ಮಾತು. ಎಸ್-೧ ಗಂಟೆಗೆ ೧೪೦ ಮೈಲನ್ನು ಮೀರಿ ಓಡಿತೆಂಬ ಮಾತು ಇಂದಿಗೂ ಕೇಳಿಬರುತ್ತದೆ, ಒಪ್ಪತಕ್ಕ ದಾಖಲೆಯಿಲ್ಲ. ಉಗಿಯಂತ್ರದ ದಾಖಲೆಯು ಇಂಗ್ಲೆಂಡಿನ 'ಮಲ್ಲಾರ್ಡ್' ೧೯೩೮ರ ಜುಲೈ ೩ರಂದು ಅಳತೆಯ ಬಂಡಿಯನ್ನು ಕಟ್ಟಿಕೊಂಡೇ ಸಾಧಿಸಿದ ೧೨೬ ಮೈಲು. ಹೊಸ ಟಿ-೧ರಿಂದ ಆ ದಾಖಲೆಯನ್ನು ಮುರಿಯುವುದೂ ಈ ಧರ್ಮಸಂಸ್ಥೆಯ ಆಸೆಗಳಲ್ಲೊಂದು. ವಾದದಿಂದ ತೀರದ ವ್ಯಾಜ್ಯವನ್ನು ಹಳಿಯ ಮೇಲೆಯೇ ತೀರಿಸಬೇಕೆಂಬುದು ಅವರ ಹಟ.

ಈ ಹಟವು ಸಾಧ್ಯವಾದುದು ಹೇಗೆ? ಯಂತ್ರವು ಅಳಿದರೂ ಅದರ ನಕ್ಷೆಗಳು ಉಳಿದಿದ್ದವು. ಕಾರ್ಖಾನೆಯ ಕಾಗದಗಳನ್ನು ಪೆನ್ಸಿಲ್ವೇನಿಯಾ ರಾಜ್ಯದ ದಫ್ತರಖಾನೆಯು ಕಾಪಾಡಿತ್ತು. ಸೋತ ಯಂತ್ರದ ನಕ್ಷೆ ಯಾರಿಗೆ ಬೇಕೆಂದು ಒಬ್ಬ ಗುಮಾಸ್ತನು ಬೆಂಕಿಗೆ ಹಾಕಿದ್ದರೆ ಕಥೆಯು ಅಲ್ಲಿಗೆ ಮುಗಿಯುತ್ತಿತ್ತು. ನಮ್ಮ ಕಚೇರಿಗಳಲ್ಲಿಯೂ ಕಾರ್ಖಾನೆಗಳಲ್ಲಿಯೂ ಹಳೆಯ ಕಡತಗಳನ್ನು ವಿಲೇವಾರಿ ಮಾಡುವ ಅಧಿಕಾರಿಗಳು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು. ಗೆದ್ದ ಕೆಲಸವು ತನ್ನನ್ನು ತಾನೇ ಕಾಪಾಡಿಕೊಳ್ಳುತ್ತದೆ. ಸೋತ ಕೆಲಸಕ್ಕೆ ನಾವೇ ಕಾವಲು. ತನ್ನ ಸೋಲುಗಳ ಲೆಕ್ಕವನ್ನು ಇಡದ ದೇಶವು ಅವೇ ಸೋಲುಗಳನ್ನು ಮತ್ತೆ ಬೆಲೆ ಕೊಟ್ಟು ಕೊಳ್ಳಬೇಕಾಗುವುದು.