ಜೀಪಿನ ತಲೆ ಮೇಲೆ ದೀಪ: ತಂತಿ ಎಳೆಯುವ ಮೊದಲು

ಕಡ್ಲೆಕಾಯಿ ಕಿತ್ತು ಬಿಡಿಸುವ ಅಕ್ಟೋಬರ್-ನವೆಂಬರ್ ಬಂತೆಂದರೆ ಪಾವಗಡ, ಮಧುಗಿರಿ ಕಡೆ ಜೀಪುಗಳ ತಲೆ ಮೇಲೆ ದೀಪ ಏರುತ್ತವೆ. ಹಗಲೆಲ್ಲ ಕೀಳುವ ಕೆಲಸ. ಬಿಡಿಸುವ ಯಂತ್ರದ ಸರದಿ ನಮಗೆ ಸಿಗುವುದು ಹೊತ್ತು ಮುಳುಗಿದ ಮೇಲೆ. ಮೋಡ ಕಟ್ಟಿದ್ದರಂತೂ ರಾತ್ರಿಯೇ ಮುಗಿಸಬೇಕು. ನೆಂದ ಕಾಯಿಗೆ ಬೂಸ್ಟು ಬಂದರೆ ಬೆಲೆ ಇಲ್ಲ, ಕಪ್ಪಾದ ಬಳ್ಳಿಯನ್ನು ದನವೂ ಮೂಸುವುದಿಲ್ಲ. ಆಮೇಲೆ ರಾಗಿ ಒಕ್ಕಣೆ, ಅದರ ಹಿಂದೆಯೇ ಹುಣಸೆ ಕಾಯಿ ಲೋಡು. ನಡುವೆ ರಾತ್ರಿ ಪಾಳಿಯಲ್ಲಿ ತ್ರೀಫೇಸ್ ಬಂದರೆ ಬೋರಿನ ಹತ್ತಿರ ಓಡಬೇಕು. ಬೆಟ್ಟದ ಬುಡದ ಜಮೀನಾದರೆ ಕರಡಿ ಭಯ ಬೇರೆ. ಬೆಳಕು ಬೇಕೇ ಬೇಕು. ಅದರಲ್ಲಿ ಎರಡು ಮಾತಿಲ್ಲ.

ನನ್ನಲ್ಲಿರುವುದು ಹಳೆಯ ಫೋರ್‌ವ್ಹೀಲ್ ಮಹೀಂದ್ರ ಜೀಪು. ಅದರ ಕ್ಯಾರಿಯರ್ ಮೇಲಿನ ನಾಲ್ಕು ದೀಪಕ್ಕೆ ತಂತಿ ಎಳೆದಿದ್ದು ನಾನೇ. ಊರಲ್ಲಿ ಇನ್ನೂ ಕೆಲವರ ಜೀಪಿಗೆ, ಟ್ರ್ಯಾಕ್ಟರಿಗೆ ಮಾಡಿಕೊಟ್ಟಿದ್ದೇನೆ. ನಾನು ಎಲೆಕ್ಟ್ರಿಶಿಯನ್ ಅಲ್ಲ. ಆದರೆ ಬೋರಿನ ಸ್ಟಾರ್ಟರ್ ಬಿಚ್ಚಿ ನೋಡಿದ ರೈತನಿಗೆ ಇದರಲ್ಲಿ ಗೊತ್ತಾಗದ್ದು ಏನೂ ಇಲ್ಲ. ಅದನ್ನೇ ಇಲ್ಲಿ ಬರೆಯುತ್ತೇನೆ.

ಮೊದಲು ದೀಪ ಎಷ್ಟು ಕರೆಂಟ್ ಎಳೆಯುತ್ತೆ ಎಂಬ ಲೆಕ್ಕ. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರ್. 55 ವ್ಯಾಟಿನ ಹ್ಯಾಲೊಜೆನ್ 12 ವೋಲ್ಟಿನಲ್ಲಿ ಸುಮಾರು 4.6 ಆಂಪಿಯರ್. ಎರಡಾದರೆ 9.2, ನಾಲ್ಕಾದರೆ 18ರ ಮೇಲೆ. ಮನೆಯಲ್ಲಿ 230 ವೋಲ್ಟಿನಲ್ಲಿ 60 ವ್ಯಾಟಿನ ಬುರುಡೆ ಕಾಲು ಆಂಪಿಯರಿನಷ್ಟು ಎಳೆಯುತ್ತೆ, ಸಣ್ಣ ತಂತಿ ಸಾಕು. ಜೀಪಿನಲ್ಲಿ ಅಷ್ಟೇ ಬೆಳಕಿಗೆ ಅದರ ಇಪ್ಪತ್ತು ಪಟ್ಟು ಕರೆಂಟ್ ಹರಿಯಬೇಕು. "ಬರೀ 12 ವೋಲ್ಟು, ಏನಾಗುತ್ತೆ" ಅನ್ನುವವರು ಇದನ್ನೇ ಮರೆಯುತ್ತಾರೆ. ಮೈಗೆ ಶಾಕ್ ಹೊಡೆಯುವುದಿಲ್ಲ ನಿಜ, ಆದರೆ ತಂತಿ ಕೆಂಪಗೆ ಕಾಯುತ್ತೆ. ಪಕ್ಕದೂರಿನ ಒಂದು ಜೀಪಿನಲ್ಲಿ ಹೀಗೇ ಆಯಿತು. ತಲೆ ಮೇಲಿನ ದೀಪದ ತಂತಿಯನ್ನು ಹೆಡ್‌ಲೈಟ್ ಸ್ವಿಚ್ಚಿಗೇ ಸುತ್ತಿದ್ದರು, ಫ್ಯೂಸ್ ಇರಲಿಲ್ಲ. ಹಿಂದೆ ಕಡ್ಲೆ ಬಳ್ಳಿ ತುಂಬಿದ್ದಾಗ ಡ್ಯಾಶ್‌ಬೋರ್ಡ್ ಕೆಳಗೆ ಹೊಗೆ ಬಂತು. ಬ್ಯಾಟರಿ ಟರ್ಮಿನಲ್ ಸಡಿಲವಿದ್ದದ್ದರಿಂದ ಕೈಯಲ್ಲೇ ಕಿತ್ತು ಬಿಸಾಕಿದರು, ಜೀಪು ಉಳಿಯಿತು. ಟರ್ಮಿನಲ್ ಬಿಗಿ ಇದ್ದಿದ್ದರೆ ಸ್ಪ್ಯಾನರ್ ಹುಡುಕುವಷ್ಟರಲ್ಲಿ ಬಳ್ಳಿ, ಜೀಪು ಎರಡೂ ಹೋಗುತ್ತಿದ್ದವು.

ರಿಲೇ ಅಂದರೆ ನಮ್ಮ ಸ್ಟಾರ್ಟರ್

ಬೋರಿನ ಸ್ಟಾರ್ಟರಿನಲ್ಲಿ ಹಸಿರು ಗುಂಡಿ ಒತ್ತುತ್ತೇವೆ. ಮೋಟರಿನ ಕರೆಂಟ್ ಆ ಗುಂಡಿಯೊಳಗೆ ಹಾದು ಹೋಗುವುದಿಲ್ಲ. ಗುಂಡಿಯಿಂದ ಕಾಯಿಲಿಗೆ ಚೂರು ಕರೆಂಟ್ ಹೋಗುತ್ತೆ, ಕಾಯಿಲು ಕಾಂಟ್ಯಾಕ್ಟರನ್ನು ಟಪ್ ಎಂದು ಎಳೆಯುತ್ತೆ, ಮೋಟರಿನ ಭಾರ ಹೊರುವುದು ಕಾಂಟ್ಯಾಕ್ಟರು. ಜೀಪಿನ ರಿಲೇ ಇದೇ ಯಂತ್ರದ ಬೆಂಕಿಪೊಟ್ಟಣದಷ್ಟು ಮರಿ. ಡ್ಯಾಶ್‌ಬೋರ್ಡಿನ ಸ್ವಿಚ್ಚಿನಿಂದ ರಿಲೇಗೆ ಹೋಗುವುದು ಕಾಲು ಆಂಪಿಯರಿಗೂ ಕಡಿಮೆ. ದೀಪದ ಕರೆಂಟ್ ಬ್ಯಾಟರಿಯಿಂದ ರಿಲೇ ಮೂಲಕ ನೇರ ದೀಪಕ್ಕೆ. ಸ್ವಿಚ್ಚು ಸುಡುವ ಪ್ರಶ್ನೆಯೇ ಬರುವುದಿಲ್ಲ.

ಆಟೊ ಎಲೆಕ್ಟ್ರಿಕಲ್ ಅಂಗಡಿಯಲ್ಲಿ 12 ವೋಲ್ಟಿನ, 30 ಇಲ್ಲವೇ 40 ಆಂಪಿಯರಿನ ನಾಲ್ಕು ಪಿನ್ನಿನ ರಿಲೇ ಕೇಳಿ. ಪಿನ್ನಿನ ಪಕ್ಕ ಅಂಕಿ ಇರುತ್ತೆ, ಯಾವ ಕಂಪನಿಯದಾದರೂ ಅದೇ ಅಂಕಿ. 30ಕ್ಕೆ ಬ್ಯಾಟರಿಯ ಪ್ಲಸ್, ಅದೂ ಫ್ಯೂಸ್ ದಾಟಿ ಬಂದದ್ದು. 87ರಿಂದ ದೀಪಕ್ಕೆ. 86ಕ್ಕೆ ಸ್ವಿಚ್ಚಿನ ತಂತಿ. 85 ಅರ್ತಿಗೆ. ಐದು ಪಿನ್ನಿನದು ಕೊಟ್ಟರೆ ಅದರಲ್ಲಿ 87ಎ ಅಂತ ಇನ್ನೊಂದಿರುತ್ತೆ. ರಿಲೇ ಸುಮ್ಮನಿದ್ದಾಗ ಕರೆಂಟ್ ಬರುವ ಪಿನ್ನು ಅದು, ಅದಕ್ಕೆ ಏನೂ ಕೊಡಬೇಡಿ. ಸ್ವಿಚ್ಚಿಗೆ ಕರೆಂಟನ್ನು ನಾನು ಕೀಲಿಯ ಹಿಂದಿನಿಂದ ತೆಗೆದುಕೊಂಡಿದ್ದೇನೆ. ಕೀಲಿ ತೆಗೆದರೆ ದೀಪವೂ ಆರುತ್ತೆ. ನೇರ ಬ್ಯಾಟರಿಯಿಂದ ಕೊಟ್ಟರೆ ಮಕ್ಕಳು ಆಟವಾಡಿ ಸ್ವಿಚ್ ಒತ್ತಿದ್ದೂ ಗೊತ್ತಾಗದೆ ಬೆಳಿಗ್ಗೆ ಜೀಪು ತಳ್ಳಬೇಕಾಗುತ್ತೆ.

ಫ್ಯೂಸ್ ಬ್ಯಾಟರಿಯ ಪ್ಲಸ್ಸಿನಿಂದ ಒಂದು ಗೇಣಿನೊಳಗೇ ಇರಬೇಕು. ರಿಲೇ ಹತ್ತಿರ ಹಾಕಿದರೆ ಆಗಲ್ಲವೇ ಅಂತ ಕೇಳುತ್ತಾರೆ. ಬ್ಯಾಟರಿಗೂ ರಿಲೇಗೂ ನಡುವಿನ ತಂತಿ ಎಲ್ಲಾದರೂ ಉಜ್ಜಿ ಬಾಡಿಗೆ ತಗುಲಿದರೆ ಅದನ್ನು ಕಾಯುವವರು ಯಾರು? ಶಾರ್ಟ್ ಆದಾಗ ಜೀಪಿನ ಬ್ಯಾಟರಿ ನೂರಾರು ಆಂಪಿಯರ್ ಕಕ್ಕುತ್ತೆ. ಫ್ಯೂಸ್ ಇರುವುದು ದೀಪ ಉಳಿಸುವುದಕ್ಕಲ್ಲ, ತಂತಿ ಉಳಿಸುವುದಕ್ಕೆ. ಎರಡು 55 ವ್ಯಾಟಿನ ದೀಪಕ್ಕೆ 15 ಆಂಪಿಯರಿನ ಫ್ಯೂಸ್ ಸರಿ. ನಾಲ್ಕು ದೀಪ ಇದ್ದರೆ ಎರಡೆರಡಕ್ಕೆ ಬೇರೆ ರಿಲೇ, ಬೇರೆ ಫ್ಯೂಸ್ ಮಾಡಿಕೊಳ್ಳಿ. ನಡುರಾತ್ರಿ ಒಂದು ಜೋಡಿ ಆರಿದರೂ ಇನ್ನೊಂದು ಉರಿಯುತ್ತಿರುತ್ತೆ. ಫ್ಯೂಸ್ ಹೋದಾಗ ಬೀಡಿ ಕಟ್ಟಿನ ಬೆಳ್ಳಿ ಕಾಗದ ಸುತ್ತುವ ಪದ್ಧತಿ ದಯವಿಟ್ಟು ಬೇಡ. ನಾಲ್ಕು ಫ್ಯೂಸ್ ಕೊಂಡು ಡ್ಯಾಶ್‌ಬೋರ್ಡಿನಲ್ಲಿಟ್ಟರೆ ಮುಗಿಯಿತು.

ತಂತಿಯ ದಪ್ಪ

ಇದನ್ನು ಮಧುಗಿರಿ-ಪಾವಗಡದವರಿಗೆ ವಿವರಿಸಿ ಹೇಳಬೇಕಿಲ್ಲ. ಆಳದ ಬೋರಿಗೆ ಸಣ್ಣ ಕೇಬಲ್ ಬಿಟ್ಟರೆ ಮೋಟರಿಗೆ ವೋಲ್ಟೇಜ್ ಸಾಲದೆ ಗೊರಗೊರ ಅನ್ನುವುದನ್ನು ಎಲ್ಲರೂ ಕೇಳಿದ್ದೇವೆ. ಇಲ್ಲೂ ಅದೇ ಕತೆ. ಬ್ಯಾಟರಿಯಿಂದ ತಲೆ ಮೇಲಿನ ದೀಪಕ್ಕೆ ಬಾಗಿ ಬಳುಕಿ ಹೋದರೆ 5 ಮೀಟರ್ ದಾಟುತ್ತೆ. ಹೋಗುವುದು 5, ವಾಪಸ್ ಬರುವುದು 5, ಒಟ್ಟು 10 ಮೀಟರ್. 1 ಚದರ ಮಿಲಿಮೀಟರ್ ತಾಮ್ರದ ತಂತಿ ಹಾಕಿ ಎರಡು ಹ್ಯಾಲೊಜೆನ್ ಉರಿಸಿದರೆ ದಾರಿಯಲ್ಲೇ 1.6 ವೋಲ್ಟ್ ಸೋರುತ್ತೆ. 2.5ರ ತಂತಿಯಾದರೆ 0.64, 4ರದಾದರೆ 0.4. ಒಂದೂವರೆ ವೋಲ್ಟ್ ಏನು ಮಹಾ ಅನ್ನಬೇಡಿ. ಹ್ಯಾಲೊಜೆನ್ ಬುರುಡೆಯಲ್ಲಿ ವೋಲ್ಟೇಜ್ ಇಳಿದದ್ದಕ್ಕಿಂತ ಎಷ್ಟೋ ವೇಗವಾಗಿ ಬೆಳಕು ಇಳಿಯುತ್ತೆ. 1.6 ವೋಲ್ಟ್ ಹೋದರೆ ಬೆಳಕಿನ ಮೂರನೇ ಒಂದು ಪಾಲಿಗಿಂತ ಹೆಚ್ಚು ಹೋಯಿತು. ಬೆಳಕು ಸಾಲದು ಅಂತ 100 ವ್ಯಾಟಿನ ಬುರುಡೆ ತರುತ್ತಾರೆ, ತಂತಿ ಇನ್ನೂ ಕಾಯುತ್ತೆ. ಬುರುಡೆ ಬದಲಿಸುವ ದುಡ್ಡನ್ನು ತಂತಿಗೆ ಹಾಕಿ.

ಎರಡು ದೀಪಕ್ಕೆ 2.5 ಸಾಕು, 4 ಇದ್ದರೆ ಒಳ್ಳೆಯದು. ಬಹಳ ಎಳೆಗಳ ಮೆತ್ತನೆಯ ಆಟೊ ತಂತಿಯೇ ಆಗಬೇಕು. ಮನೆ ಕಟ್ಟಿದಾಗ ಉಳಿದ ಒಂಟಿ ಎಳೆಯ ಗಟ್ಟಿ ತಂತಿ ನಮ್ಮ ದಾರಿಯ ಕುಲುಕಾಟಕ್ಕೆ ಒಳಗೊಳಗೇ ಮುರಿಯುತ್ತೆ.

ಅರ್ತ್ ವಿಷಯದಲ್ಲಿ ನನಗೆ ಹಟ ಇದೆ. ದೀಪದ ಒಂದು ತುದಿಯನ್ನು ಕ್ಯಾರಿಯರಿನ ಬೋಲ್ಟಿಗೆ ಕಟ್ಟಿ ಬಿಡುವುದು ಸಾಮಾನ್ಯ. ಆದರೆ ಕ್ಯಾರಿಯರಿಗೆ ಪೇಂಟು, ಅದರ ಕಾಲಿನ ಕೆಳಗೆ ರಬ್ಬರು, ಮೇಲ್ಛಾವಣಿ ಫೈಬರಿನದೋ ಟಾರ್ಪಾಲಿನದೋ. ಕರೆಂಟ್ ವಾಪಸ್ ಹೋಗುವುದೆಲ್ಲಿ? ಆದ್ದರಿಂದ ಪ್ಲಸ್ಸಿನಷ್ಟೇ ದಪ್ಪದ ಇನ್ನೊಂದು ತಂತಿಯನ್ನು ಚಾಸಿಯವರೆಗೆ ಇಳಿಸಿ, ಪೇಂಟು ಕೆರೆದು, ನಕ್ಷತ್ರ ವಾಷರ್ ಹಾಕಿ ಬಿಗಿದು, ಮೇಲೆ ಗ್ರೀಸ್ ಬಳಿಯಿರಿ.

ತಂತಿ ಇಳಿಸುವಾಗ ತೂತಿನ ಅಂಚಿಗೆ ರಬ್ಬರ್ ಬುಷ್ ಬೇಕು. ಸಿಗದಿದ್ದರೆ ಹಳೆ ಸೈಕಲ್ ಟ್ಯೂಬಿನ ತುಂಡು. ತಂತಿಯನ್ನು ಜೀಪಿನ ಹೊರಮೈಗೆ ಬಿಡಬೇಡಿ, ಹೊಲದ ದಾರಿಯ ಜಾಲಿ ಮುಳ್ಳು ಒಂದೇ ಸಲಕ್ಕೆ ಕಿತ್ತುಕೊಳ್ಳುತ್ತೆ. ತೂತಿಗೆ ಮೊದಲು ತಂತಿಯನ್ನು ಒಂದು ಸುತ್ತು ಕೆಳಗೆ ಇಳಿಬಿಟ್ಟರೆ ಮಳೆನೀರು ಅಲ್ಲೇ ತೊಟ್ಟಿಕ್ಕುತ್ತೆ, ಒಳಗೆ ಹರಿಯುವುದಿಲ್ಲ.

ಓಡಾಟಕ್ಕಲ್ಲ, ಕಣಕ್ಕೆ

ಇಷ್ಟೆಲ್ಲ ಮಾಡಿ ಮುಂದಕ್ಕೆ ತಿರುಗಿಸಿದ ತಲೆದೀಪದಿಂದ ದಾರಿ ಚೆನ್ನಾಗಿ ಕಾಣುತ್ತಾ? ನನ್ನ ಅನುಭವದಲ್ಲಿ ಇಲ್ಲ. ಬಾನೆಟ್ ಮೇಲೆ ಬಿದ್ದ ಬೆಳಕು ಕಣ್ಣಿಗೆ ಹೊಡೆಯುತ್ತೆ. ಮುಂದೊಂದು ಗಾಡಿ ಧೂಳೆಬ್ಬಿಸಿದ್ದರೆ, ಇಲ್ಲವೇ ಮಂಜಿದ್ದರೆ, ಎದುರಿಗೆ ಬಿಳಿ ಗೋಡೆ. ದೀಪ ಕಣ್ಣಿನ ಎತ್ತರದಲ್ಲೇ ಇರುವುದರಿಂದ ಧೂಳಿಗೆ ತಾಗಿದ ಬೆಳಕು ನೇರ ನಮ್ಮ ಕಡೆಗೇ ವಾಪಸ್ ಬರುತ್ತೆ. ಅಂಥ ಹೊತ್ತಿಗೆ ಬಂಪರ್ ಕೆಳಗಿನ ಹಳದಿ ದೀಪವೇ ವಾಸಿ. ಇನ್ನು ಎದುರು ಬರುವವನ ಗತಿ ಯೋಚಿಸಿ. ಹೆಂಡತಿ ಮಗು ಕೂರಿಸಿಕೊಂಡು ಬೈಕಿನಲ್ಲಿ ಬರುವವನಿಗೆ ಕಣ್ಣು ಕತ್ತಲಿಟ್ಟರೆ, ರಸ್ತೆಗೆ ಹಾಸಿದ ರಾಗಿ ತೆನೆಯೂ ಕಾಣುವುದಿಲ್ಲ, ಅದರ ಸುತ್ತ ಇಟ್ಟ ಕಲ್ಲೂ ಕಾಣುವುದಿಲ್ಲ.

ಕಾನೂನೂ ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 111ನೇ ನಿಯಮದಂತೆ ನೋಂದಣಿ ಅಧಿಕಾರಿಯ ಒಪ್ಪಿಗೆ ಇಲ್ಲದೆ ವಾಹನದ ಮುಂದೆ ಸ್ಪಾಟ್‌ಲೈಟ್, ಸರ್ಚ್‌ಲೈಟ್ ಹಾಕುವಂತಿಲ್ಲ. ರಸ್ತೆಯಲ್ಲಿ ಹಿಂದಕ್ಕೆ ಬಿಳಿ ಬೆಳಕು ಬಿಡುವುದಕ್ಕೂ ತಡೆ ಇದೆ, ರಿವರ್ಸ್ ದೀಪದಂಥವಕ್ಕೆ ಮಾತ್ರ ವಿನಾಯ್ತಿ.

ಅದಕ್ಕೇ ನನ್ನದು ಬಿಚ್ಚಿಡುವ ದೀಪ. ಒಂದೂವರೆ ಇಂಚಿನ ಪೈಪಿಗೆ ನಾಲ್ಕು ದೀಪ ಕೂರಿಸಿ, ಕ್ಯಾರಿಯರಿಗೆ ಎರಡು ಕ್ಲ್ಯಾಂಪಿನಲ್ಲಿ ಕಚ್ಚಿಸಿದ್ದೇನೆ. ಸಂಪರ್ಕಕ್ಕೆ ಟ್ರೇಲರ್ ದೀಪದ ಏಳು ಪಿನ್ನಿನ ಪ್ಲಗ್ಗು. ಒಂದೊಂದು ಜೋಡಿ ದೀಪಕ್ಕೆ ಒಂದು ಪ್ಲಸ್ ಪಿನ್ನು, ಒಂದು ಅರ್ತ್ ಪಿನ್ನು. ಜೀಪಿನ ಕಡೆ ಹೆಣ್ಣು ತುದಿಯೇ ಇರಬೇಕು, ಗೋಡೆಯ ಸಾಕೆಟ್ಟಿನ ಹಾಗೆ. ಗಂಡು ತುದಿ ಇಟ್ಟರೆ ಬಿಚ್ಚಿದಾಗ ಕರೆಂಟಿನ ಪಿನ್ನು ಬಯಲಿಗೆ ಬರುತ್ತೆ. ಸಂತೆಗೆ, ಸಿರಾ ಹೈವೇಗೆ ಹೊರಡುವಾಗ ಪೈಪು ಮನೆಯಲ್ಲಿರುತ್ತೆ. ಹುಣಸೆ ತೋಪಿನಲ್ಲಿ ಕೊಂಬೆಗೆ ಬಡಿದು ಗಾಜು ಒಡೆಯುವುದೂ ತಪ್ಪಿತು. ಅದೇ ಪೈಪು ಟ್ರ್ಯಾಕ್ಟರಿಗೂ ಆಗುತ್ತೆ.

ಕಣದಲ್ಲಿ ಎರಡು ದೀಪ ಹಿಂದಕ್ಕೆ, ಎರಡು ಪಕ್ಕಕ್ಕೆ ತಿರುಗಿಸುತ್ತೇನೆ. ಯಂತ್ರಕ್ಕೆ ಬಳ್ಳಿ ಕೊಡುವವನ ಬೆನ್ನ ಹಿಂದಿನಿಂದ ಬೆಳಕು ಬಿಟ್ಟರೆ ಅವನ ನೆರಳೇ ಯಂತ್ರದ ಬಾಯಿಗೆ ಬೀಳುತ್ತೆ, ಕೈ ಎಲ್ಲಿದೆ ಅಂತ ಅವನಿಗೇ ತಿಳಿಯುವುದಿಲ್ಲ. ಒಕ್ಕಣೆ ಯಂತ್ರಕ್ಕೆ ಕೈ ಕೊಟ್ಟವರು ದೇಶದಲ್ಲಿ ಅಷ್ಟು ಜನ ಇದ್ದರು ಅಂತಲೇ 1983ರಲ್ಲಿ ಅಪಾಯಕಾರಿ ಯಂತ್ರಗಳ ಬಗ್ಗೆ ಕಾಯ್ದೆ ಬಂದದ್ದು. ಜೀಪನ್ನು ಓರೆಯಾಗಿ, ಗಾಳಿ ಬರುವ ಕಡೆ, ಬಣವೆಯಿಂದ ದೂರ ನಿಲ್ಲಿಸಿ. ಇನ್ನೊಂದು ಕಡೆಯಿಂದ ಟ್ರ್ಯಾಕ್ಟರ್ ದೀಪ ಬಿದ್ದರೆ ಎರಡು ಬೆಳಕು ಅಡ್ಡ ಹಾದು ನೆರಳು ಸಾಯುತ್ತೆ. ಹ್ಯಾಲೊಜೆನ್ ಗಾಜು ಬಹಳ ಕಾಯುವುದರಿಂದ ಹೊಟ್ಟು ಕೂರದಂತೆ ಆಗಾಗ ಒರೆಸಬೇಕು.

ಈಗ ಎಲ್‌ಇಡಿ ಬಂದು ಕೆಲಸ ಹಗುರಾಗಿದೆ. 18 ವ್ಯಾಟಿನದು ಒಂದೂವರೆ ಆಂಪಿಯರ್ ಎಳೆಯುತ್ತೆ, ನಾಲ್ಕಕ್ಕೆ 6. ಎಂಜಿನ್ ನಿಲ್ಲಿಸಿ ಎರಡು ಗಂಟೆ ಉರಿಸಿದರೂ 12 ಆಂಪಿಯರ್-ಅವರ್ ಅಷ್ಟೇ. ನಾಲ್ಕು ಹ್ಯಾಲೊಜೆನ್ ಅದೇ ಹೊತ್ತಿಗೆ 36ರ ಮೇಲೆ ಕುಡಿಯುತ್ತವೆ, 80ರ ಬ್ಯಾಟರಿಯಲ್ಲಿ ಅರ್ಧದ ಹತ್ತಿರ. ಅಗ್ಗದ ಎಲ್‌ಇಡಿಯ ಡಬ್ಬಿ ಮೇಲಿನ ವ್ಯಾಟನ್ನು ನಂಬಬೇಡಿ, ಮೀಟರ್ ಹಿಡಿದು ಅಳೆಯಿರಿ. ಬಿಳಿಗಿಂತ ಹಳದಿ ಬಣ್ಣದ್ದಕ್ಕೆ ಹುಳ ಮುತ್ತುವುದು ಕಡಿಮೆ, ಮಳೆ ಬಂದ ಮಾರನೇ ರಾತ್ರಿ ಅದರ ಬೆಲೆ ಗೊತ್ತಾಗುತ್ತೆ. ಎಲ್‌ಇಡಿ ಆದರೂ ಫ್ಯೂಸ್ ಬೇಕೇ ಬೇಕು. ಹೊಸ ಗಾಡಿಗಳಲ್ಲಿ ಕಂಪ್ಯೂಟರ್ ಪೆಟ್ಟಿಗೆ ಇರುತ್ತೆ, ಅವುಗಳ ತಂತಿ ಸುಲಿದು ಗಂಟು ಹಾಕಬೇಡಿ. ವಾರಂಟಿಯೂ ಹೋಗುತ್ತೆ.

ಮೈದನಹಳ್ಳಿಯ ಕೃಷ್ಣಮೃಗಗಳ ಹುಲ್ಲುಗಾವಲಿನ ಸುತ್ತ, ಸಿರಾದ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆ ಗೂಡು ಕಟ್ಟುವ ಹುಣಸೆಮರಗಳ ಹತ್ತಿರ ಜಮೀನಿದ್ದವರು ದೀಪ ನೆಲಕ್ಕೆ ಬಗ್ಗಿಸಿಕೊಳ್ಳಿ. ಜೀಪಿನ ತಲೆ ಮೇಲೆ ದೀಪ ಕಂಡರೆ ಬೇಟೆಯವರೆಂದು ಅನುಮಾನ ಬರುವುದೂ ಉಂಟು.

ಎಲ್ಲ ಮುಗಿದ ಮೇಲೆ ಎಂಜಿನ್ ಚಾಲೂ ಇಟ್ಟು ಅರ್ಧ ಗಂಟೆ ದೀಪ ಉರಿಸಿ. ರಿಲೇ, ಫ್ಯೂಸ್ ಹಿಡಿ, ಒಂದೊಂದು ಗಂಟನ್ನೂ ಮುಟ್ಟಿ ನೋಡಿ. ಕೈಯಿಡಲಾಗದಷ್ಟು ಬಿಸಿ ಇದ್ದ ಕಡೆ ಸಂಪರ್ಕ ಸಡಿಲ. ಆಮೇಲೆ ಮೀಟರಿನಲ್ಲಿ ಬ್ಯಾಟರಿಯ ವೋಲ್ಟೇಜ್ ಒಮ್ಮೆ, ದೀಪದ ಬುಡದ ವೋಲ್ಟೇಜ್ ಒಮ್ಮೆ ನೋಡಿ. 4ರ ತಂತಿ ಹಾಕಿಯೂ ಅಂತರ ಅರ್ಧ ವೋಲ್ಟ್ ಚೆನ್ನಾಗಿ ಮೀರಿದರೆ ಮೊದಲು ಅರ್ತ್ ಬೋಲ್ಟ್ ಬಿಚ್ಚಿ ಕೆರೆಯಿರಿ. ಹೆಚ್ಚಿನ ಸಲ ತೊಂದರೆ ಅಲ್ಲೇ ಸಿಕ್ಕಿದೆ.