ತುರ್ತು ಚಿಕಿತ್ಸಾ ಘಟಕ ಮತ್ತು ರೋಗಿ ಸುರಕ್ಷತಾ ಸಂಸ್ಕೃತಿ

ಆಸ್ಪತ್ರೆಯ ಇತರ ವಿಭಾಗಗಳಿಗಿಂತ ತುರ್ತು ಚಿಕಿತ್ಸಾ ಘಟಕದ ಕಾರ್ಯಸ್ವರೂಪವು ಭಿನ್ನವಾದುದು. ಹಾವು ಕಚ್ಚಿದವರು, ಅಪಘಾತದ ಗಾಯಾಳುಗಳು, ಎದೆನೋವಿನಿಂದ ಬಳಲುವವರು ಒಂದೇ ವೇಳೆಗೆ ಬರಬಹುದು. ರೋಗಿಯ ಹಿಂದಿನ ಕಾಯಿಲೆಗಳ ವಿವರವಿರುವುದಿಲ್ಲ. ಕೆಲವೊಮ್ಮೆ ಹೆಸರೂ ತಿಳಿದಿರುವುದಿಲ್ಲ. ವೈದ್ಯರ ಸೂಚನೆ ಬಾಯಿಮಾತಿನಲ್ಲಿ ಸಾಗುತ್ತದೆ. ಚಿಕಿತ್ಸೆಯ ನಡುವೆಯೇ ಪಾಳಿ ಬದಲಾಗುತ್ತದೆ. ಇಂತಹ ಸ್ಥಳದಲ್ಲಿ ರೋಗಿಯ ಸುರಕ್ಷತೆಯು ಉಪಕರಣಗಳಿಂದ ಮಾತ್ರ ದೊರೆಯುವುದಿಲ್ಲ. ಕಂಡ ತಪ್ಪನ್ನು ಸಿಬ್ಬಂದಿಯು ನಿರ್ಭಯವಾಗಿ ಹೇಳುವ ವಾತಾವರಣವೂ ಬೇಕು. ಇದನ್ನೇ ರೋಗಿ ಸುರಕ್ಷತಾ ಸಂಸ್ಕೃತಿ ಎನ್ನಲಾಗುತ್ತದೆ.

ತಪ್ಪಿನ ಮೂಲ ಎಲ್ಲಿದೆ?

ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಸಂಸ್ಥೆಯ 1999ರ ವರದಿಯು, ಆ ದೇಶದ ಆಸ್ಪತ್ರೆಗಳಲ್ಲಿ ವೈದ್ಯಕೀಯ ತಪ್ಪುಗಳಿಂದ ವರ್ಷಕ್ಕೆ 44,000ದಿಂದ 98,000 ಮಂದಿ ಮೃತಪಡುತ್ತಿದ್ದಾರೆಂದು ಅಂದಾಜಿಸಿತು. ಬಹುಪಾಲು ತಪ್ಪುಗಳಿಗೆ ವ್ಯಕ್ತಿಗಳ ಅಜಾಗರೂಕತೆಗಿಂತ ವ್ಯವಸ್ಥೆಯ ದೋಷವೇ ಕಾರಣವೆಂಬುದು ಅದರ ಮುಖ್ಯ ನಿರ್ಣಯ. 2019ರಲ್ಲಿ ವಿಶ್ವ ಆರೋಗ್ಯ ಸಭೆಯು ಸೆಪ್ಟೆಂಬರ್ 17ನ್ನು ವಿಶ್ವ ರೋಗಿ ಸುರಕ್ಷತಾ ದಿನವೆಂದು ಅಂಗೀಕರಿಸಿತು.

ಒಂದು ಉದಾಹರಣೆಯನ್ನು ಗಮನಿಸಬಹುದು. ಸಾಂದ್ರ ಪೊಟ್ಯಾಸಿಯಂ ಕ್ಲೋರೈಡನ್ನು ದ್ರಾವಣದಲ್ಲಿ ಬೆರೆಸದೆ ನೇರವಾಗಿ ರಕ್ತನಾಳಕ್ಕೆ ಕೊಟ್ಟರೆ ಹೃದಯ ಸ್ತಬ್ಧವಾಗಬಹುದು. ಅದರ ಸೀಸೆಯು ಅದೇ ಗಾತ್ರದ ಬೇರೊಂದು ಔಷಧಿಯ ಪಕ್ಕದಲ್ಲಿ, ಒಂದೇ ತಟ್ಟೆಯಲ್ಲಿದೆ ಎಂದುಕೊಳ್ಳೋಣ. ಶುಶ್ರೂಷಾಧಿಕಾರಿಯೊಬ್ಬರು ಅವಸರದಲ್ಲಿ ಅದನ್ನೇ ಕೈಗೆತ್ತಿಕೊಂಡು, ಕೊನೆಯ ಕ್ಷಣದಲ್ಲಿ ಚೀಟಿ ಓದಿ ಹಿಂದಿರಿಸುತ್ತಾರೆ. ಅವಘಡವು ಕೂದಲೆಳೆಯ ಅಂತರದಲ್ಲಿ ತಪ್ಪಿತು. ನೋಟಿಸಿನ ಭಯದಿಂದ ಅವರು ಸುಮ್ಮನಾದರೆ ಸೀಸೆ ಅಲ್ಲಿಯೇ ಉಳಿಯುತ್ತದೆ. ಮುಂದಿನ ಪಾಳಿಯವರು ಚೀಟಿ ಓದದೇ ಇರಬಹುದು. ಅವರು ಧೈರ್ಯದಿಂದ ವರದಿ ಮಾಡಿದರೆ ಆ ಸೀಸೆಗಳು ಅಂದೇ ಪ್ರತ್ಯೇಕ ಬೀಗದ ಕಪಾಟಿಗೆ ಸೇರುತ್ತವೆ.

ಕುಡಿಯುವ ನೀರಿನ ನಿರ್ವಹಣೆಯಲ್ಲಿಯೂ ಇದೇ ತತ್ವವಿದೆ. ಚರಂಡಿಯ ಬಳಿ ಕೊಳವೆ ಸೋರುತ್ತಿರುವುದನ್ನು ಮೊದಲು ಕಾಣುವವರು ನೀರುಗಂಟಿ. ತಿಳಿಸಿದವರಿಗೇ ಬೈಗುಳ ದೊರೆಯುವುದಾದರೆ ಅವರು ತಿಳಿಸುವುದಿಲ್ಲ. ಊರಿಗೆ ವಾಂತಿಭೇದಿ ಹರಡಿದ ಮೇಲೆಯೇ ಸೋರಿಕೆ ನಮ್ಮ ಗಮನಕ್ಕೆ ಬರುತ್ತದೆ.

ರೂಢಿಸಿಕೊಳ್ಳಬೇಕಾದ ಕ್ರಮಗಳು

1. ಬಾಯಿಮಾತಿನ ಸೂಚನೆಯನ್ನು ಕೇಳಿದವರು ಔಷಧಿಯ ಹೆಸರು ಮತ್ತು ಪ್ರಮಾಣವನ್ನು ಮರಳಿ ಹೇಳಿ ಖಚಿತಪಡಿಸಿಕೊಳ್ಳುವುದು.

2. ಪಾಳಿ ಬದಲಾಗುವಾಗ ರೋಗಿಯ ಈಗಿನ ಸ್ಥಿತಿ, ಹಿನ್ನೆಲೆ, ವೈದ್ಯರ ಅಂದಾಜು, ಮುಂದೆ ಮಾಡಬೇಕಾದ ಕಾರ್ಯ ಎಂಬ ನಾಲ್ಕನ್ನೂ ಕ್ರಮವಾಗಿ ತಿಳಿಸುವುದು.

3. ಹೆಸರಿನ ಜೊತೆಗೆ ನೋಂದಣಿ ಸಂಖ್ಯೆಯಂತಹ ಮತ್ತೊಂದು ಗುರುತಿನಿಂದಲೂ ರೋಗಿಯನ್ನು ದೃಢಪಡಿಸಿಕೊಳ್ಳುವುದು.

4. ತಪ್ಪಿದ ಅವಘಡಗಳನ್ನು ವರದಿ ಮಾಡಿದವರ ಹೆಸರಿಲ್ಲದೆ ದಾಖಲಿಸಿ, ನಿಯಮಿತ ಸಭೆಯಲ್ಲಿ ಪರಿಶೀಲಿಸುವುದು.

5. ಸಂದೇಹ ಬಂದಾಗ ಕಿರಿಯ ಸಿಬ್ಬಂದಿಯೂ ಹಿರಿಯ ವೈದ್ಯರನ್ನು ತಡೆದು ಕೇಳಬಹುದೆಂಬುದನ್ನು ಹಿರಿಯರೇ ಸ್ಪಷ್ಟಪಡಿಸುವುದು.

ಇದರರ್ಥ ಎಲ್ಲ ತಪ್ಪಿಗೂ ಕ್ಷಮೆಯಿದೆ ಎಂದಲ್ಲ. ಮದ್ಯ ಸೇವಿಸಿ ಕರ್ತವ್ಯಕ್ಕೆ ಬರುವುದು, ತಿಳಿದೂ ನಿಯಮ ಮೀರುವುದು, ದಾಖಲೆ ತಿದ್ದುವುದು ಶಿಸ್ತುಕ್ರಮಕ್ಕೆ ಅರ್ಹವಾದ ನಡತೆಗಳು. ಮನುಷ್ಯ ಸಹಜವಾದ ಮರೆವು ಅಥವಾ ಗೊಂದಲವನ್ನು ಇವುಗಳಿಂದ ಬೇರ್ಪಡಿಸಿ ನೋಡುವುದೇ ನ್ಯಾಯಯುತವಾದ ಕ್ರಮ.

ಪಂಚಾಯಿತಿಗಳ ಪಾತ್ರ

ರಾಷ್ಟ್ರೀಯ ಗುಣಮಟ್ಟ ಭರವಸೆ ಮಾನದಂಡಗಳಲ್ಲಿ ಜಿಲ್ಲಾ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಪ್ರತ್ಯೇಕ ಪರಿಶೀಲನಾ ಪಟ್ಟಿಯಿದೆ. ಆರೋಗ್ಯ ರಕ್ಷಾ ಸಮಿತಿಗಳ ಸದಸ್ಯರು ಅದನ್ನು ಓದಿ ಸಭೆಗೆ ಬರುವುದು ಉಚಿತ. ಆಸ್ಪತ್ರೆಯಲ್ಲಿ ಸಾವು ಸಂಭವಿಸಿದಾಗ ಗುಂಪುಗೂಡಿ ಸಿಬ್ಬಂದಿಯ ಮೇಲೆ ಕೈಮಾಡುವುದು ರಾಜ್ಯದ 2009ರ ಕಾಯ್ದೆಯಡಿ ಅಪರಾಧ. ಅದರಿಂದ ಸಿಬ್ಬಂದಿಯಲ್ಲಿ ಮುಚ್ಚಿಡುವ ಪ್ರವೃತ್ತಿಯೂ ಬೆಳೆಯುತ್ತದೆ. ಕುಟುಂಬದವರಿಗೆ ನಡೆದುದನ್ನು ಪೂರ್ಣವಾಗಿ ತಿಳಿಯುವ ಹಕ್ಕಿದೆ. ಅದಕ್ಕೆ ಲಿಖಿತ ದೂರು ಮತ್ತು ವಿಚಾರಣೆಯೇ ಮಾರ್ಗವೆಂದು ಜನಪ್ರತಿನಿಧಿಗಳು ಜನರಿಗೆ ಮನವರಿಕೆ ಮಾಡಿಕೊಡಬೇಕು.

ಮುಂದಿನ ಸಮಿತಿ ಸಭೆಯಲ್ಲಿ ಸದಸ್ಯರು ಎರಡು ಪ್ರಶ್ನೆಗಳನ್ನು ಕೇಳಬೇಕೆಂದು ಕೋರಲಾಗಿದೆ: ಕಳೆದ ಮೂರು ತಿಂಗಳಲ್ಲಿ ತಪ್ಪಿದ ಅವಘಡಗಳೆಷ್ಟು ದಾಖಲಾಗಿವೆ? ಅವುಗಳಿಂದ ಘಟಕದಲ್ಲಿ ಏನು ಬದಲಾಗಿದೆ? ಮೊದಲನೆಯದಕ್ಕೆ ‘ಒಂದೂ ಇಲ್ಲ’ ಎಂಬ ಉತ್ತರ ಬಂದರೆ ಅದನ್ನು ಸಾಧನೆಯೆಂದು ಭಾವಿಸದೆ, ಸಿಬ್ಬಂದಿ ಹೇಳಲು ಹಿಂಜರಿಯುತ್ತಿರುವರೇ ಎಂದು ವಿಚಾರಿಸುವುದು ಅವಶ್ಯಕ.