ಅಟ್ಟದ ಕೊಬ್ಬರಿ, ಶರೀಫರ ಮಾಳಿಗೆ

ತುಮಕೂರು ಜಿಲ್ಲೆಯ ನಮ್ಮ ಕಂದಿಕೆರೆ ಸೀಮೆಯಲ್ಲಿ ಹಿರಿಯರು ಯಾರಾದರೂ ತೀರಿಕೊಂಡರೆ ಆ ರಾತ್ರಿ ಭಜನೆಯವರಿಗೆ ಹೇಳಿಕಳಿಸುವುದುಂಟು. ಒಂದು ಹಾರ್ಮೋನಿಯಂ, ತಬಲ, ತಾಳ; ಹಳೆಯ ತಂಡವಾದರೆ ಜೊತೆಗೊಂದು ಏಕತಾರಿ. ಗಣಪತಿ ಸ್ತುತಿಯಿಂದ ಶುರುವಾಗಿ, ದಾಸರ ಪದ, ವಚನ, ಕೈವಾರ ತಾತಯ್ಯನವರ ಪದ ಎಲ್ಲ ಮುಗಿಸಿ ನಡುರಾತ್ರಿ ದಾಟುವ ಹೊತ್ತಿಗೆ ಶಿಶುನಾಳ ಶರೀಫರು ಬಂದೇ ಬರುತ್ತಾರೆ. ಪಡಸಾಲೆಯಲ್ಲಿ ಗೋಡೆಗೊರಗಿ ತೂಕಡಿಸುತ್ತಿದ್ದವರಲ್ಲೇ ಒಬ್ಬರು ಎಚ್ಚೆತ್ತು, ‘ಆ ಮಾಳಿಗೆ ಪದ ಒಂದ್ ಹೇಳ್ರಪ್ಪ’ ಅನ್ನುತ್ತಾರೆ. ಪದ ಎತ್ತಿದ ಮೇಲೆ ಹೆಂಗಸರೂ ದನಿಗೂಡಿಸುತ್ತಾರೆ. ಅಲ್ಲಿ ಯಾರಿಗೂ ಪುಸ್ತಕ ಬೇಕಾಗುವುದಿಲ್ಲ.

ಆದರೆ ಶರೀಫರು ಈ ಸೀಮೆಯವರಲ್ಲ. ಅವರ ಶಿಶುವಿನಹಾಳ ಇರುವುದು ಈಗಿನ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನಲ್ಲಿ. ಅವರದು ಜೋಳದ ನಾಡು, ಹತ್ತಿಯ ಎರೆಹೊಲ, ಧಾರವಾಡದ ಮಾತು. ನಮ್ಮದು ರಾಗಿ, ತೆಂಗು, ಮೈಸೂರು ಸಂಸ್ಥಾನ. ಶರೀಫರು ಬದುಕಿದ್ದ ಕಾಲದಲ್ಲಿ (1819–1889) ಅವರ ಊರು ಮುಂಬಯಿ ಸರ್ಕಾರದ ಲೆಕ್ಕಕ್ಕೆ ಸೇರಿತ್ತು. ಅಷ್ಟು ದೂರದ ಪದಕಾರರು ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆಯ ತೋಟದ ಮನೆಗಳಿಗೆ ಹೇಗೆ ಬಂದರು?

ಕ್ಯಾಸೆಟ್ ಹತ್ತಿ ಬಂದರು ಎನ್ನುವುದು ಸರಿಯಾದ ಉತ್ತರವೇ. ಆದರೆ ಅರ್ಧ ಉತ್ತರ.

ಶರೀಫರು ಇಮಾಮ್ ಸಾಹೇಬರ ಮಗ. ಮುಲ್ಕಿ ಪರೀಕ್ಷೆ ಪಾಸು ಮಾಡಿ ಸುತ್ತಲಿನ ಹಳ್ಳಿಗಳಲ್ಲಿ ಕನ್ನಡ ಶಾಲೆ ಮಾಸ್ತರಿಕೆ ಮಾಡಿದವರು. ಬಯಲಾಟದ ಹುಚ್ಚಿತ್ತು. ಮೊಹರಂ ಬಂದರೆ ರಿವಾಯತ್ ಪದ ಕಟ್ಟುತ್ತಿದ್ದರು. ಕಳಸದ ಗೋವಿಂದಭಟ್ಟರು ಗುರುವಾಗಿ ಸಿಕ್ಕಿದ ಮೇಲೆ ಮಾಸ್ತರಿಕೆ ಹಿಂದೆ ಬಿತ್ತು. ಬ್ರಾಹ್ಮಣ ಗುರು ಮುಸಲ್ಮಾನ ಶಿಷ್ಯನನ್ನು ಮಗನಂತೆ ಕಂಡದ್ದಕ್ಕೆ ಎರಡೂ ಕಡೆಯವರು ಗೊಣಗಿದರು. ಮದುವೆಯಾಗಿ ಹೆಚ್ಚು ಕಾಲವಾಗುವ ಮೊದಲೇ ಹೆಂಡತಿ ಹೋದರು. ಆಮೇಲೆ ಉಳಿದದ್ದು ತಿರುಗಾಟ, ಗುರುಸೇವೆ, ಹಾಡು. ಕಣ್ಣಿಗೆ ಬಿದ್ದದ್ದೆಲ್ಲ ಅವರಿಗೆ ಪದವಾಗುತ್ತಿತ್ತು: ತಂಬೂರಿ, ಗುಡುಗುಡಿಯ ಹೊಗೆ, ಹಾದಿಯ ಹಾವು, ಗಂಡನ ಮನೆಗೆ ಹೊರಟು ಅಳುವ ಹುಡುಗಿ, ಕಡೆಗೆ ಆ ಕಾಲಕ್ಕೆ ಹೊಸದಾಗಿ ಬಂದಿದ್ದ ಗಿರಣಿ ಕೂಡ. ಉಗಿಯಂತ್ರ ಕಂಡು ಬೆರಗಾದವರು ಬಹಳ ಜನ ಇದ್ದಿರಬಹುದು. ಅದರೊಳಗೆ ದೇಹದ ವ್ಯಾಪಾರವನ್ನು ಕಂಡು ಹಾಡಿದವರು ಬೇರೆ ಯಾರಿದ್ದರೋ ತಿಳಿಯದು.

ಈ ಪದಗಳನ್ನು ಉಳಿಸಿದ್ದು ಕೇಳಿದವರ ಗಂಟಲು. ಹೊಲದಲ್ಲಿ, ಮಠದಲ್ಲಿ, ಗದ್ದುಗೆಯ ಮುಂದೆ ಹಾಡುತ್ತ ಹಾಡುತ್ತ ಒಬ್ಬರಿಂದ ಒಬ್ಬರಿಗೆ ದಾಟಿದವು. ದಾಟುವಾಗ ಸಾಲು ಕೂಡಿಕೊಂಡದ್ದೂ ಉಂಟು, ಕಳಚಿ ಬಿದ್ದದ್ದೂ ಉಂಟು. ಅಭಿಮಾನಿಗಳು ಎಂಬ ಮಾತು ಸಿನಿಮಾದವರಿಗೇ ಮೀಸಲಾಗಿರುವ ಕಾಲ ಇದು. ಒಬ್ಬ ಕವಿಯನ್ನು ನೂರು ವರ್ಷ ಬಾಯಲ್ಲಿಟ್ಟುಕೊಂಡು ಕಾಪಾಡಿದವರಿಗೆ ಬೇರೆ ಯಾವ ಹೆಸರು ಕೊಡುವುದು?

ನಮ್ಮ ಕಡೆಯ ಕಿವಿಗೂ ಇಂಥ ಪದಗಳ ರುಚಿ ಹೊಸದೇನಲ್ಲ. ಎಡೆಯೂರು ಸಿದ್ಧಲಿಂಗರ ಗದ್ದುಗೆ ಇರುವುದು ಇದೇ ಜಿಲ್ಲೆಯಲ್ಲಿ. ಶಿರಾ ಕಡೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಉದ್ದನೆಯ ಬಿದಿರಿನ ಗಣೆ ಊದಿ ಜುಂಜಪ್ಪನ ಕಥೆಯನ್ನು ರಾತ್ರಿಯಿಡೀ ಹಾಡುವವರಿದ್ದರು. ಊರೂರಿಗೆ ತಿರುಗುವ ತಂಬೂರಿಯವರು, ಅವಧೂತರ ಮಠಗಳು, ಅಲ್ಲಿ ನಡೆಯುವ ತತ್ವಪದದ ಕೂಟಗಳು ಇದ್ದೇ ಇದ್ದವು. ನೆಲ ಹದವಾಗಿತ್ತು, ಬೀಜ ಬೀಳುವುದು ತಡವಾಯಿತು ಅಷ್ಟೆ.

ಆ ಬೀಜ ಬೆಂಗಳೂರಿನಿಂದ ಬಂದದ್ದು ಒಂದು ತಮಾಷೆ. 1978ರಲ್ಲಿ ನಿಸಾರ್ ಅಹಮದರ ‘ನಿತ್ಯೋತ್ಸವ’ ಧ್ವನಿಸುರುಳಿಯಾಗಿ ಬಂದು, ಕವಿತೆಯನ್ನೂ ಕ್ಯಾಸೆಟ್ಟಿನಲ್ಲಿ ಮಾರಬಹುದು ಎಂದು ತೋರಿಸಿತು. ಅದರ ಬೆನ್ನಿಗೆ ಬೆಳೆದ ಸುಗಮ ಸಂಗೀತದ ಹುಯಿಲಿನಲ್ಲಿ ಶರೀಫರಿಗೂ ಜಾಗ ಸಿಕ್ಕಿತು. ಪದಗಳನ್ನು ಆರಿಸಿ ನಗರದ ಕೇಳುಗರ ಮುಂದಿಡಲು ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು ಎಷ್ಟು ಹಚ್ಚಿಕೊಂಡರೆಂದರೆ ಜನ ಅವರನ್ನು ‘ಶರೀಫ ಭಟ್ಟ’ ಎಂದೇ ಕರೆದರು. ಕೋಳಿ ಕೋಡಗವನ್ನು ನುಂಗುವ ಆ ಬೆಡಗಿನ ಪದವನ್ನು ಶಿವಮೊಗ್ಗ ಸುಬ್ಬಣ್ಣ ಮನೆಮಾತು ಮಾಡಿದರು. ಉಳಿದದ್ದನ್ನು ಸಿ. ಅಶ್ವತ್ಥ್ ತಲೆಯ ಮೇಲೆ ಹೊತ್ತರು.

ಅಶ್ವತ್ಥ್ ಹುಟ್ಟಿದ್ದು 1939ರಲ್ಲಿ, ನಮ್ಮ ಪಕ್ಕದ ಚನ್ನರಾಯಪಟ್ಟಣದಲ್ಲಿ. ಬೆಂಗಳೂರಿನ ಐ.ಟಿ.ಐ. ಕಾರ್ಖಾನೆಯಲ್ಲಿ ನೌಕರಿ, ಸಂಜೆಗೆ ನಾಟಕದ ಸಂಗೀತ. ಮಿಕ್ಕವರು ಭಾವಗೀತೆಯನ್ನು ಮೆಲುದನಿಯಲ್ಲಿ, ನಯವಾಗಿ ಹಾಡುತ್ತಿದ್ದಾಗ ಇವರು ಎದೆ ಬಿಚ್ಚಿ ಕೂಗಿದರು. ಮೇಲಿನ ಷಡ್ಜದಲ್ಲಿ ಗಂಟಲು ಬಿರಿದರೆ ಬಿರಿಯಲಿ ಎನ್ನುವ ಹಾಡಿಕೆ ಅದು. ಶಾಸ್ತ್ರ ಬಲ್ಲವರು ಮೂಗು ಮುರಿದಿರಬಹುದು. ಬಯಲಲ್ಲಿ ನಿಂತು ಹಾಡುವವರಿಗೆ ಮಾತ್ರ ಅದು ತಮ್ಮದೇ ದನಿ ಅನ್ನಿಸಿತು. ಹಳ್ಳಿಗಳು ಶರೀಫರನ್ನು ಅಷ್ಟು ಬೇಗ ಒಪ್ಪಿಕೊಂಡದ್ದಕ್ಕೆ ಆ ಒರಟುತನವೇ ಕಾರಣ ಎಂದು ನನ್ನ ಲೆಕ್ಕ.

1990ರಲ್ಲಿ ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ತೆರೆಗೆ ಬಂತು. ಶ್ರೀಧರ್ ಶರೀಫರಾದರು, ಗಿರೀಶ ಕಾರ್ನಾಡರು ಗೋವಿಂದಭಟ್ಟರಾದರು, ಸಂಗೀತ ಅಶ್ವತ್ಥರದೇ. ರಾಷ್ಟ್ರೀಯ ಭಾವೈಕ್ಯದ ಚಿತ್ರಗಳಿಗೆ ಕೊಡುವ ನರ್ಗಿಸ್ ದತ್ ಪ್ರಶಸ್ತಿಯೂ ಬಂತು. ಟೆಂಟಿನಲ್ಲಿ ನೋಡದಿದ್ದವರು ಟೀವಿಯಲ್ಲಿ ನೋಡಿದರು. ಕೊಬ್ಬರಿ ಕಂಟ ಬಿಡಿಸುವ ಜಗಲಿಯಲ್ಲಿ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕೇಳಿದವರು ನೂರಾರು ಮಂದಿ. ಟೇಪು ಸಿಕ್ಕಿಕೊಂಡರೆ ಪೆನ್ಸಿಲ್ ತೂರಿಸಿ ಸುತ್ತುವುದು, ಮತ್ತೆ ಹಾಕುವುದು. ಭಜನೆ ತಂಡಗಳು ಪದ ಕಲಿತದ್ದು ಹೀಗೆಯೇ.

ಮಾಳಿಗೆ ಸೋರುವ ಪದ ನಮ್ಮಲ್ಲಿ ಇಷ್ಟು ಆಳಕ್ಕೆ ಇಳಿದದ್ದಕ್ಕೆ ಇನ್ನೊಂದು ಕಾರಣ ಉಂಟು. ಶರೀಫರ ಕಣ್ಣ ಮುಂದಿದ್ದದ್ದು ಧಾರವಾಡ ಕಡೆಯ ಮಣ್ಣಿನ ಮಾಳಿಗೆ. ನಮ್ಮ ತೋಟದ ಮನೆಗೆ ಹೆಂಚಿನ ಸೂರು, ಅದರ ಕೆಳಗೆ ಅಟ್ಟ. ತಿಪಟೂರು ಮಾರುಕಟ್ಟೆಗೆ ಹೋಗುವ ಉಂಡೆಕೊಬ್ಬರಿ ತಯಾರಾಗುವುದು ಆ ಅಟ್ಟದ ಮೇಲೆ. ಬಲಿತ ಕಾಯಿಯನ್ನು ಸುಲಿಯದೆ ಅಟ್ಟಕ್ಕೇರಿಸಿ ವರ್ಷದ ಹತ್ತಿರ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಬೇಕು, ಕೊಬ್ಬರಿ ಕಂಟ ಬಿಟ್ಟು ಗಡಗಡ ಆಡಬೇಕು. ಅಷ್ಟರಲ್ಲಿ ಒಂದು ಹೆಂಚು ಸರಿದು ಮಳೆನೀರು ಇಳಿಯಿತೋ, ಬೂಷ್ಟು ಹಿಡಿದು ವರ್ಷದ ದುಡಿಮೆ ಕಪ್ಪಾಗುತ್ತದೆ. ಇಂಥ ಮನೆಯಲ್ಲಿ ಕೂತು ಕೇಳುವವನಿಗೆ ಸೋರುವ ಸೂರು ಅಂದರೆ ಮೊದಲು ಸೋರುವ ಸೂರೇ. ಏಣಿ ಎಲ್ಲಿದೆ, ಕತ್ತಲಲ್ಲಿ ಹತ್ತುವವರು ಯಾರು ಎಂಬ ದಿಗಿಲು ಮೊದಲು ಹುಟ್ಟುತ್ತದೆ. ಮನೆಯೆಂದರೆ ಮೈ, ಸೋರುವುದು ಆಯಸ್ಸು, ಅರಿವು ಎನ್ನುವುದು ಅದರ ಹಿಂದೆ ಬರುತ್ತದೆ. ಅರ್ಥ ಬಿಡಿಸಿ ಹೇಳುವ ಭಾಷಣಕಾರರು ಈ ಮೊದಲ ಮೆಟ್ಟಿಲನ್ನು ಹಾರಿ ನೇರ ವೇದಾಂತಕ್ಕೆ ಹೋಗುತ್ತಾರೆ. ಶರೀಫರು ಹಾಗೆ ಹಾರಿದವರಲ್ಲ. ನೆಂದ ಮಣ್ಣಿನ ವಾಸನೆ ಅವರಿಗೆ ಗೊತ್ತಿತ್ತು.

ಕ್ಯಾಸೆಟ್ಟಿನಿಂದ ಆದ ನಷ್ಟವನ್ನೂ ಹೇಳಬೇಕು. ತತ್ವಪದಕ್ಕೆ ಊರೂರಿಗೆ ಒಂದೊಂದು ಮಟ್ಟು ಇರುತ್ತಿತ್ತು. ಹಾಡುವವರ ಉಸಿರಿಗೆ ತಕ್ಕಂತೆ, ಏಕತಾರಿಯ ಒಂದೇ ತಂತಿಗೆ ತಕ್ಕಂತೆ ಪದ ನಿಧಾನವಾಗಿ ನಡೆಯುತ್ತಿತ್ತು. ಈಗ ಶರೀಫರೆಂದರೆ ಎಲ್ಲೆಡೆ ಅಶ್ವತ್ಥರ ಧಾಟಿಯೇ. ಎರಡು ಚರಣದ ನಡುವೆ ಕ್ಯಾಸೆಟ್ಟಿನಲ್ಲಿ ಕೊಳಲು ಬರುವ ಕಡೆ ಹಾರ್ಮೋನಿಯಂನವರು ಅದನ್ನೇ ನುಡಿಸಿ ತೋರಿಸುತ್ತಾರೆ. ಕ್ಯಾಸೆಟ್ಟಿಗೆ ಹತ್ತದ ನೂರಾರು ಪದಗಳನ್ನು ಕೇಳುವವರು ಕಡಿಮೆ. ಹತ್ತು ಹನ್ನೆರಡು ಪದಗಳೇ ಇಡೀ ಶರೀಫರಾಗಿ ಕೂತಿವೆ.

ಅಶ್ವತ್ಥ್ 2009ರ ಡಿಸೆಂಬರ್ 29ರಂದು, ತಮ್ಮ ಹುಟ್ಟುಹಬ್ಬದ ದಿನವೇ ತೀರಿಕೊಂಡರು. ಅದಕ್ಕೆ ಒಂದು ವರ್ಷ ಮೊದಲು, 2008ರಲ್ಲಿ, ರಘು ದೀಕ್ಷಿತ್ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಗುಡುಗುಡಿಯ ಪದವನ್ನೂ ಮಾಳಿಗೆಯ ಪದವನ್ನೂ ಗಿಟಾರಿಗೆ ಕೂರಿಸಿದ್ದರು. ಈಗ ಕಾಲೇಜು ವಾರ್ಷಿಕೋತ್ಸವದಲ್ಲಿ ಹುಡುಗರು ಹಾಡುವುದು ಆ ಧಾಟಿಯಲ್ಲಿ. ಕೆಳಗೆ ಕುರ್ಚಿಯಲ್ಲಿ ಕೂತ ಅಪ್ಪಂದಿರು, ‘ಪದ ಕೆಡಿಸ್ತಾವೆ ಕಣಯ್ಯ, ಅಸಲು ರಾಗ ಇದಲ್ಲ’ ಎಂದು ಗೊಣಗುತ್ತಾರೆ. ಅವರ ಅಸಲು ರಾಗ ಚನ್ನರಾಯಪಟ್ಟಣದವರದು.